ಸ್ಪೇ ನದಿಯಲ್ಲಿ ಸಿಕ್ಕ ಹಿರಿಯರಿಗೆ

ಶನಿವಾರ ಸ್ಕಾಟ್ಲೆಂಡಿನ ಅಬರ್‌ಲೋರ್ ಊರಿನ ಹತ್ತಿರ ಸಾಲ್ಮನ್ ಮೀನು ಹಿಡಿಯುವಾಗ ಸಿಕ್ಕ ಹಿರಿಯರೇ, ನಿಮ್ಮ ಹೆಸರು ಕೇಳೋದನ್ನೇ ಮರೆತೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

15 ಅಡಿಯ ಗಾಳದ ಕೋಲು ಬೀಸಿ ಬೀಸಿ ಮಧ್ಯಾಹ್ನದ ಹೊತ್ತಿಗೆ ನನ್ನ ಭುಜ ಸೋತಿತ್ತು, ಹಿಂದಿನ ಮರಕ್ಕೆ ಮೂರು ಫ್ಲೈ, ಅಂದರೆ ಗರಿ ಕಟ್ಟಿದ ಕೊಕ್ಕೆಗಳು, ಬಲಿಯಾಗಿದ್ದವು (ಮೂರೂ ದುಬಾರಿ!). ನೀವು ನಗಲಿಲ್ಲ. ದಾರವನ್ನು ಹಿಂದಕ್ಕೆ ಪೂರ್ತಿ ಎಸೆಯದೆ, ನೀರಿಗೆ ತಾಗಿಸಿ ಮುಂದಕ್ಕೆ ಉರುಳಿಸೋದನ್ನ ತೋರಿಸಿದಿರಿ. ಸ್ಪೇ ಕಾಸ್ಟ್ ಅನ್ನೋ ಈ ಎಸೆತಕ್ಕೆ ಈ ನದಿಯ ಹೆಸರೇ ಬಂದಿದೆ, ನಾನೋ ಅದು ಗೊತ್ತಿಲ್ಲದೆ ಇಲ್ಲೇ ಮರಗಳ ಜೊತೆ ಜಗಳಕ್ಕೆ ನಿಂತಿದ್ದೆ.

ಕಡಲಿಂದ ನದಿಗೆ ಬಂದ ಸಾಲ್ಮನ್ ಏನೂ ತಿನ್ನಲ್ಲ ಅಂತಾರೆ, ಹಾಗಿದ್ರೆ ಗರಿ ಕಟ್ಟಿದ ಕೊಕ್ಕೆಗೆ ಯಾಕೆ ಬಾಯಿ ಹಾಕುತ್ತೆ ಅಂತ ಕೇಳಿದಾಗ ನೀವು ನಕ್ಕು ಸುಮ್ಮನಾದಿರಿ. ಅಷ್ಟರಲ್ಲೇ ದಾರ ಬಿಗಿಯಾಯಿತು! 'ಎಳೀಬೇಡ, ಅದೇ ತಿರುಗಲಿ' ಎಂದು ನೀವು ಕೂಗದಿದ್ದರೆ ನಾನು ಖಂಡಿತ ಎಳೆದು ಕೆಡಿಸುತ್ತಿದ್ದೆ. ಆಮೇಲೆ ಮೊಣಕಾಲುದ್ದ ನೀರಲ್ಲಿ ನಿಂತು, ಮೀನಿನ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಅದು ಬಾಲ ಬಡಿದು ಹೋಗುವವರೆಗೆ ನೀವು ಕಾದದ್ದು ಕಣ್ಣಲ್ಲೇ ಇದೆ.

ಭಾನುವಾರ ಸ್ಕಾಟ್ಲೆಂಡಿನಲ್ಲಿ ಸಾಲ್ಮನ್ ಹಿಡಿಯೋ ಹಾಗಿಲ್ಲ, ಇಲ್ಲದಿದ್ದರೆ ಮರುದಿನವೇ ಬರುತ್ತಿದ್ದೆ. ತುಂಬಾ ಥ್ಯಾಂಕ್ಸ್. ನೀವು ಕೊಟ್ಟ ಫ್ಲೈ ಇನ್ನೂ ನನ್ನ ಟೋಪಿಯಲ್ಲೇ ಇದೆ.