ಸಾಂಕ್ರಾಮಿಕದಲ್ಲೂ ಲಸಿಕೆ, ಬಿಸಿಯೂಟ ನಿಲ್ಲದಿರಲಿ

ಮಾನ್ಯರೇ,

ಕೋವಿಡ್ ಕಾರಣಕ್ಕೆ 2020ರ ಮಾರ್ಚ್‌ನಲ್ಲಿ ಮುಚ್ಚಿದ ರಾಜ್ಯದ ಶಾಲೆಗಳು ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಆ ದೀರ್ಘ ಅವಧಿಯಲ್ಲಿ ಮಕ್ಕಳಿಗೆ ತಪ್ಪಿದ್ದು ಪಾಠವಷ್ಟೇ ಅಲ್ಲ. ಗೆಳೆಯರ ಒಡನಾಟ, ಬಿಸಿಯೂಟ, ಮನೆಯಲ್ಲಿ ಹೇಳಿಕೊಳ್ಳಲಾಗದ ಸಂಕಟವನ್ನು ಗುರುತಿಸಬಲ್ಲ ಶಿಕ್ಷಕರ ಕಣ್ಣು, ಎಲ್ಲವೂ ದೂರವಾದವು. ಬಿಸಿಯೂಟದ ಬದಲಿಗೆ ಕೊಟ್ಟ ಅಕ್ಕಿ, ಬೇಳೆಯನ್ನು ಕೂಲಿ ಇಲ್ಲದ ಮನೆಯಲ್ಲಿ ಎಲ್ಲರೂ ಹಂಚಿಕೊಳ್ಳುವುದು ಸಹಜವಾದ್ದರಿಂದ, ಬೆಳೆಯುವ ಮಗುವಿನ ಪಾಲು ಕುಗ್ಗದೆ ಇರದು.

ಲಸಿಕೆಯ ವಿಷಯ ಇನ್ನೂ ಗಂಭೀರ. 2021ರಲ್ಲಿ ಜಗತ್ತಿನ ಸುಮಾರು 2.5 ಕೋಟಿ ಮಕ್ಕಳಿಗೆ ಡಿಪಿಟಿ ಲಸಿಕೆಯ ಒಂದಾದರೂ ಡೋಸ್ ತಪ್ಪಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ತಿಳಿಸಿದ್ದವು. ಒಂದು ರೋಗದ ಭಯದಲ್ಲಿ, ಈ ಲಸಿಕೆ ತಡೆಯುವ ಗಂಟಲಮಾರಿ, ನಾಯಿಕೆಮ್ಮಿನಂಥ ಹಳೆಯ ರೋಗಗಳಿಗೆ ದಾರಿ ಬಿಟ್ಟುಕೊಡುವುದು ಸಲ್ಲದು.

ಆದ್ದರಿಂದ ಮುಂದಿನ ಸಾಂಕ್ರಾಮಿಕಕ್ಕಾಗಿ ಜಿಲ್ಲಾಡಳಿತಗಳು ಸಿದ್ಧತೆ ನಡೆಸುವಾಗ ಹಾಸಿಗೆ, ಆಮ್ಲಜನಕದ ಲೆಕ್ಕದ ಜೊತೆಗೆ, ಅಂಗನವಾಡಿಯ ಲಸಿಕಾ ದಿನವನ್ನು ನಿಲ್ಲಿಸದೆ ನಡೆಸುವ ಮತ್ತು ಬಯಲಿನಲ್ಲಿ ಅಂತರ ಕಾಯ್ದುಕೊಂಡು ಮಕ್ಕಳಿಗೆ ಊಟ ಬಡಿಸುವ ಕ್ರಮವನ್ನೂ ಈಗಲೇ ನಿಗದಿಪಡಿಸಬೇಕು. ಮಕ್ಕಳ ಸಹಾಯವಾಣಿ 1098 ಹಾಗೂ ಮಾನಸಿಕ ನೆರವಿನ ಟೆಲಿ ಮಾನಸ್ 14416 ಸಂಖ್ಯೆಗಳನ್ನು ಶಾಲೆಯ ಗೋಡೆಗಳಲ್ಲಿ ಮಾತ್ರವಲ್ಲ, ಶಾಲೆ ಮುಚ್ಚಿದಾಗಲೂ ಮಕ್ಕಳ ಕೈಯಲ್ಲೇ ಇರುವ ಪಠ್ಯಪುಸ್ತಕಗಳ ರಕ್ಷಾಪುಟದಲ್ಲಿಯೂ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಬೇಕೆಂದು ಶಿಕ್ಷಣ ಇಲಾಖೆಯನ್ನು ಕೋರುತ್ತೇನೆ.

– ಓರ್ವ ಪೋಷಕಿ, ಹಾವೇರಿ