ಅರಮನೆಯ ಕೊಲೆಗೆ ಆ ಕಾಲದ್ದೇ ಸಾಕ್ಷಿ ಇರಲಿ

ಮಾನ್ಯ ಸಂಪಾದಕರೇ,

ಅರಮನೆಯ ಒಳಸಂಚು, ನಡುವೆ ಒಂದು ಕೊಲೆ, ಅದರ ಜಾಡು ಹಿಡಿಯುವ ಆರಂಭಕಾಲದ ಒಬ್ಬ ವಿಜ್ಞಾನಿ. ಇಂಥ ಕಾದಂಬರಿಗೆ ಕೊಡಗಿನಷ್ಟು ಒಪ್ಪುವ ನೆಲ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. 1809ರಲ್ಲಿ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ತೀರಿಕೊಂಡ. ಪಟ್ಟ ಅವನ ಮಗಳು, ಬಾಲೆ ದೇವಮ್ಮಾಜಿಗೆ ಬಂತು. 1811ಕ್ಕೆ ಚಿಕ್ಕಪ್ಪ ಲಿಂಗರಾಜ ತಾನೇ ಅರಸನಾದ. ಅದಕ್ಕೂ ಕೆಲವು ವರ್ಷ ಮೊದಲೇ ಬ್ರಿಟಿಷ್ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಮದರಾಸಿನಲ್ಲಿ ತಳರೇಖೆ (ಉಳಿದ ಅಳತೆಗೆಲ್ಲ ಆಧಾರವಾಗುವ ನೇರ ಗೆರೆ) ಅಳೆದು, ಅದರ ಮೇಲೆ ಕಟ್ಟಿದ ತ್ರಿಕೋಣಗಳ ಸಾಲನ್ನು ಮಂಗಳೂರು ಕರಾವಳಿಯವರೆಗೆ ತಂದಿದ್ದ. ನಕಾಶೆಯಲ್ಲಿ ಸುಮಾರು 400 ಮೈಲಿ ಇದ್ದ ದಕ್ಷಿಣ ಭಾರತದ ಅಗಲ 360ಕ್ಕೆ ಇಳಿದದ್ದು ಈ ಅಳತೆಯಿಂದಲೇ. ಒಂದು ಕಡೆ ಪಟ್ಟದ ಜಗಳ, ಇನ್ನೊಂದು ಕಡೆ ಬೆಟ್ಟದ ತುದಿಯಲ್ಲಿ ಕೋನ ಅಳೆಯುವವರು. ಕತೆಗಾರನಿಗೆ ಇನ್ನೇನು ಬೇಕು?

ಆದರೆ ಈ ಬಗೆಯ ಬರಹ ಹೆಚ್ಚಾಗಿ ಮುಗ್ಗರಿಸುವುದು ಸಾಕ್ಷ್ಯದ ವಿಚಾರದಲ್ಲಿ. ಪೇಟ, ಪಲ್ಲಕ್ಕಿ, ದರ್ಬಾರು ಎಲ್ಲ ಸರಿಯಾಗಿರುತ್ತವೆ. ಪತ್ತೇದಾರ ಮಾತ್ರ ಇಂದಿನ ಪ್ರಯೋಗಾಲಯದಿಂದ ಎದ್ದು ಬಂದವನಂತೆ ಮಾತಾಡುತ್ತಾನೆ. ನಿಮ್ಮ ಪುರವಣಿಗೆ ಕತೆ, ಧಾರಾವಾಹಿ ಕಳಿಸುವವರ ಗಮನಕ್ಕೆ ಕೆಲವು ಸಂಗತಿ ತರಬೇಕೆಂದು ಈ ಪತ್ರ.

ಮೊದಲು ವಿಷ. ಶಂಖಪಾಷಾಣಕ್ಕೆ (ಬಿಳಿ ಆರ್ಸೆನಿಕ್) ಬಣ್ಣವಿಲ್ಲ, ರುಚಿ ಇಲ್ಲವೆಂದೇ ಹೇಳಬೇಕು. ಅದನ್ನು ಖಚಿತವಾಗಿ ಹಿಡಿಯುವ ಮಾರ್ಷ್ ಪರೀಕ್ಷೆ ಬಂದದ್ದು 1836ರಲ್ಲಿ. ಕೊಡಗಿನ ಅರಸರಾದ ಹಾಲೇರಿ ವಂಶದ ಆಳ್ವಿಕೆ ಮುಗಿದದ್ದು 1834ರಲ್ಲಿ. ಹಾಗಾಗಿ ಕೊಡಗಿನ ಯಾವ ಅರಸನ ಆಸ್ಥಾನದಲ್ಲೂ ಆ ಪರೀಕ್ಷೆ ನಡೆಸುವಂತಿಲ್ಲ. ಆಗ ಇದ್ದ ಉಪಾಯವೆಂದರೆ ಸಂಶಯದ ಪುಡಿಯನ್ನು ಕೆಂಡದ ಮೇಲೆ ಉದುರಿಸುವುದು: ಬಿಳಿ ಹೊಗೆ, ಬೆಳ್ಳುಳ್ಳಿಯ ವಾಸನೆ. 1752ರಲ್ಲಿ ಇಂಗ್ಲೆಂಡಿನ ಮೇರಿ ಬ್ಲಾಂಡಿ ಮೊಕದ್ದಮೆಯಲ್ಲಿ ವೈದ್ಯರು ಇಂಥ ಲಕ್ಷಣಗಳನ್ನೇ ಮುಂದಿಟ್ಟರು. ಇದೂ ಕೈಕೊಡುತ್ತದೆ. ಪುಡಿ ಅನ್ನದಲ್ಲೋ ಸಾರಿನಲ್ಲೋ ಬೆರೆತಿದ್ದರೆ ಅನ್ನ ಸೀದ ವಾಸನೆ ಬೆಳ್ಳುಳ್ಳಿಯ ವಾಸನೆಯನ್ನು ಮುಚ್ಚಿಬಿಡುತ್ತದೆ, ಸಾರಿಗೆ ಬೆಳ್ಳುಳ್ಳಿಯ ಒಗ್ಗರಣೆಯೇ ಬಿದ್ದಿದ್ದರೆ ಮುಗಿದೇ ಹೋಯಿತು. ಆದ್ದರಿಂದ ಪತ್ತೇದಾರನಿಗೆ ಬೇಕಾದದ್ದು ಊಟದ ಎಂಜಲಲ್ಲ, ಬಟ್ಟಲ ತಳದಲ್ಲಿ ಕರಗದೆ ಉಳಿದ ಪುಡಿ. ಇನ್ನೊಂದು ವಿಷಯ: ಪಾಷಾಣದ ಸಾವು ನೋಡುವುದಕ್ಕೆ ವಾಂತಿಭೇದಿಯ ಸಾವಿನಂತೆಯೇ ಇರುತ್ತದೆ. ಕಾಲರಾದ ಮೊದಲ ದೊಡ್ಡ ಅಲೆ ಬಂಗಾಳದಿಂದ ಹೊರಟದ್ದು 1817ರಲ್ಲಿ. ‘ಊರಿಗೆ ಬಂದ ಮಾರಿ ಅರಮನೆಗೂ ಬಂತು’ ಎಂದು ಕೊಲೆಗಾರ ನಂಬಿಸಬೇಕಾದರೆ ಕತೆಯನ್ನು ಲಿಂಗರಾಜನ ಕೊನೆಯ ವರ್ಷಗಳಿಗೆ ತರುವುದು ಲೇಸು.

ಕೊಡಗಿನ ಕತೆಯೆಂದ ಮೇಲೆ ಕೋವಿ ಬಂದೇ ಬರುತ್ತದೆ. 1809ರಲ್ಲಿ ಕೇಪಿನ ಕೋವಿ ಇಲ್ಲ; ಇರುವುದು ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಚಕಮಕಿ ಕೋವಿ. ನಳಿಗೆಗೆ ಮದ್ದು ಸುರಿದು, ಬಟ್ಟೆ ಸುತ್ತಿದ ಗುಂಡನ್ನು ಸರಳಿನಿಂದ ಜಡಿದು, ಪಕ್ಕದ ಪುಟ್ಟ ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ ಮುಚ್ಚಬೇಕು. ಎರಡನೇ ಗುಂಡಿಗೆ ಪಳಗಿದ ಕೈಗೂ ಹೆಚ್ಚು ಕಡಿಮೆ ಅರ್ಧ ನಿಮಿಷ ಬೇಕು. ಮುಸಲಧಾರೆ ಮಳೆಯಲ್ಲಿ ಸಾಲಾಗಿ ಮೂರು ಗುಂಡು ಹಾರಿಸುವ ಖಳನನ್ನು ಮಡಿಕೇರಿಯ ಆಷಾಢ ಕಂಡವರು ಯಾರೂ ನಂಬುವುದಿಲ್ಲ. ಮದ್ದಿನಲ್ಲಿ ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು, ಗಂಧಕ. ಒದ್ದೆ ಗಾಳಿಗೆ ಅದು ತೇವ ಹೀರುತ್ತದೆ. ಬಟ್ಟಲಿನ ಮದ್ದು ಭಗ್ಗೆಂದು ಉರಿದರೂ ನಡುವಿನ ಸಣ್ಣ ತೂತಿನಲ್ಲಿ ಕಿಟ್ಟ ಕಟ್ಟಿದ್ದರೆ ಬೆಂಕಿ ಒಳಗೆ ದಾಟದೆ ಗುಂಡು ಹಾರುವುದಿಲ್ಲ. ಕತ್ತಲಲ್ಲಿ ಮಿಂಚು ಕಂಡ ಕಾವಲುಗಾರ, ಸದ್ದೇ ಕೇಳದ ದಾಸಿ, ಇಬ್ಬರ ಮಾತೂ ನಿಜವಾಗುವುದು ಹೀಗೆ. ಆ ಕಾಲದವನೂ ಓದಬಲ್ಲ ಸಾಕ್ಷಿ ಇನ್ನೊಂದಿದೆ. ಗುಂಡು ಹಾರಿದ ನಳಿಗೆಯಲ್ಲಿ ಕಪ್ಪು ಮಸಿ, ಕೊಳೆತ ಮೊಟ್ಟೆಯ ನಾತ ಉಳಿಯುತ್ತದೆ. ಬಿಸಿನೀರಿನಲ್ಲಿ ತೊಳೆದು ಎಣ್ಣೆ ಸವರದಿದ್ದರೆ ಆ ಮಸಿಯೇ ತೇವ ಎಳೆದುಕೊಂಡು ಮಳೆಗಾಲದಲ್ಲಿ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಸುತ್ತದೆ. ಗೋಡೆಗೆ ತೂಗುಹಾಕಿದ ಹತ್ತು ಕೋವಿಗಳಲ್ಲಿ ತುಕ್ಕು ಹಿಡಿದದ್ದು ಒಂದೇ ಆದರೆ ಕತೆ ಮುಂದೆ ಸಾಗುತ್ತದೆ.

‘ರಾತ್ರಿ 9 ಗಂಟೆ 10 ನಿಮಿಷಕ್ಕೆ ಚೀರಾಟ ಕೇಳಿಸಿತು’ ಎಂದು ಅರಮನೆಯ ಊಳಿಗದವನ ಬಾಯಲ್ಲಿ ಹೇಳಿಸಬೇಡಿ. ಲೆಕ್ಕ ನಡೆಯುತ್ತಿದ್ದದ್ದು ಗಳಿಗೆಯಲ್ಲಿ: ದಿನಕ್ಕೆ 60 ಗಳಿಗೆ, ಒಂದು ಗಳಿಗೆಗೆ 24 ನಿಮಿಷ, ಏಳೂವರೆ ಗಳಿಗೆಗೆ ಒಂದು ಜಾವ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಾರೆ, ಅದು ಮುಳುಗಿದರೆ ಒಂದು ಗಳಿಗೆ. ಪತ್ತೇದಾರಿ ಕತೆಗೆ ಇದಕ್ಕಿಂತ ಒಳ್ಳೆಯ ಯಂತ್ರವನ್ನು ನಾವು ಕಾಣೆವು. ನೀರು ತಣ್ಣಗಾದಷ್ಟೂ ತೂತಿನಲ್ಲಿ ನಿಧಾನ ಹರಿಯುತ್ತದೆ. ಪಾಚಿಯ ಎಳೆಯೋ ಕಸವೋ ಸಿಕ್ಕಿದರೆ ಇನ್ನೂ ನಿಧಾನ. ಚಳಿಗಾಲದ ರಾತ್ರಿ, ತೊಳೆಯದ ಬಟ್ಟಲು, ತೂಕಡಿಸಿದ ಕಾವಲಿನವ ಸೇರಿದರೆ ಇಡೀ ಜಾವವೇ ಹಿಂದೆ ಬೀಳುತ್ತದೆ. ‘ಆ ಹೊತ್ತಿಗೆ ನಾನು ಪೂಜೆಯಲ್ಲಿದ್ದೆ’ ಎಂಬ ದಿವಾನನ ಮಾತನ್ನು ಮುರಿಯಲು ನಿಮ್ಮ ವಿಜ್ಞಾನಿ ಮಾಡಬೇಕಾದದ್ದು ಇಷ್ಟೇ: ಅದೇ ಬಟ್ಟಲನ್ನು ತೊಳೆಯುವ ಮೊದಲೊಮ್ಮೆ, ತೊಳೆದ ಮೇಲೊಮ್ಮೆ ಮುಳುಗಿಸಿ, ಈಸ್ಟ್ ಇಂಡಿಯಾ ಕಂಪನಿಯವರ ಗಡಿಯಾರದ ಎದುರು ಅಳೆಯುವುದು.

ದಿನಾಂಕಗಳಲ್ಲೂ ಎಚ್ಚರ ಬೇಕು. ಇಸವಿಯಿಂದ 78 ಕಳೆದರೆ ಶಕ ವರ್ಷ ಸಿಗುತ್ತದೆ ಎಂಬುದು ಯುಗಾದಿಯ ನಂತರ ಮಾತ್ರ ನಿಜ. ಜನವರಿಯಿಂದ ಯುಗಾದಿಯವರೆಗೆ 79 ಕಳೆಯಬೇಕು. ಬ್ರಿಟಿಷರು ಮಡಿಕೇರಿ ಕೋಟೆ ಹೊಕ್ಕದ್ದು 1834ರ ಏಪ್ರಿಲ್ 6ರಂದು. ಆ ವರ್ಷದ ಯುಗಾದಿ ಅದಾದ ಮೂರು ನಾಲ್ಕು ದಿನಕ್ಕೆ ಬಂದದ್ದರಿಂದ ಕೋಟೆ ಬಿದ್ದದ್ದು ವಿಜಯ ಸಂವತ್ಸರದಲ್ಲಿ; ಮೇ 7ರ ಸ್ವಾಧೀನದ ಘೋಷಣೆ ಜಯ ಸಂವತ್ಸರದಲ್ಲಿ. ಕಾವೇರಿ ತೀರ್ಥೋದ್ಭವವನ್ನು ಕತೆಗೆ ತರುವವರು ಈಗಿನಂತೆ ಅಕ್ಟೋಬರ್ 17 ಎಂದು ಬರೆದುಬಿಡುತ್ತಾರೆ. ತುಲಾ ಸಂಕ್ರಮಣ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ನಿಧಾನವಾಗಿ ಮುಂದೆ ಸರಿಯುತ್ತಿದೆ. ಇನ್ನೂರು ವರ್ಷದ ಹಿಂದೆ ಅದು ಬೀಳುತ್ತಿದ್ದದ್ದು ಸುಮಾರು ಮೂರು ದಿನ ಮೊದಲು.

ಲಂಡನ್ನಿನ ಎರಡನೇ ಚಾರ್ಲ್ಸ್‌ನ ಆಸ್ಥಾನವನ್ನೇ ಆರಿಸಿಕೊಳ್ಳುವವರಿಗೂ ಇದೇ ಮಾತು. 1660ರಲ್ಲಿ ಹುಟ್ಟಿದ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿ, ಅದರ ಪ್ರಯೋಗಗಳ ಹೊಣೆ ಹೊತ್ತ ರಾಬರ್ಟ್ ಹುಕ್, ವಿಜ್ಞಾನಿ ರಾಬರ್ಟ್ ಬಾಯ್ಲ್‌ಗಾಗಿ ಹುಕ್ ಕಟ್ಟಿಕೊಟ್ಟ ಗಾಳಿ ತೆಗೆಯುವ ಪಂಪು ಎಲ್ಲ ಕೈಗೆಟಕುವ ಸಾಮಗ್ರಿ. ಆ ಪಂಪು ಬೆಸುಗೆಗಳಲ್ಲಿ ಸದಾ ಸೋರುತ್ತಿತ್ತು. ಗಾಜಿನ ಬುರುಡೆಯಲ್ಲಿ ದೀಪ ಆರಿಸಬಹುದೇ ಹೊರತು ದಿನಗಟ್ಟಲೆ ಏನನ್ನೂ ಕೆಡದಂತೆ ಇಡಲಾಗದು. ಇಂಗ್ಲೆಂಡಿನ ಕ್ಯಾಲೆಂಡರು ಆಗ ಫ್ರಾನ್ಸಿಗಿಂತ 10 ದಿನ ಹಿಂದಿತ್ತು: ಅಕ್ಟೋಬರ್ 20 ಎಂದು ಪ್ಯಾರಿಸ್ಸಿನಲ್ಲಿ ಬರೆದ ಕಾಗದ ಲಂಡನ್ನಿಗೆ ಅಕ್ಟೋಬರ್ 14ಕ್ಕೇ ತಲುಪಬಹುದು. 1678ರ ಅಕ್ಟೋಬರಿನಲ್ಲಿ ಎಡ್ಮಂಡ್ ಬೆರಿ ಗಾಡ್‌ಫ್ರೀ ಎಂಬ ಮ್ಯಾಜಿಸ್ಟ್ರೇಟನ ಹೆಣ ಸಿಕ್ಕಿತು. ಮೈಯೊಳಗೆ ಅವನದೇ ಕತ್ತಿ ಹಾಯ್ದಿತ್ತು, ನೆಲದಲ್ಲಿ ರಕ್ತ ಹೆಚ್ಚಿರಲಿಲ್ಲ, ಕುತ್ತಿಗೆಯಲ್ಲಿ ಬಿಗಿದ ಗುರುತಿತ್ತು. ಸತ್ತ ಮೇಲೆ ಚುಚ್ಚಿದ್ದಾರೆಂದು ಅಂದಿನವರೇ ಊಹಿಸಿದರು. ಆದರೂ ಸುಳ್ಳು ಸಾಕ್ಷಿಯ ಮೇಲೆ ಮೂವರನ್ನು ನೇಣಿಗೆ ಹಾಕಲಾಯಿತು. ಪ್ರಕರಣ ಇಂದಿಗೂ ಬಗೆಹರಿದಿಲ್ಲ.

ಮತ್ತೆ ಕೊಡಗಿಗೆ. ಲ್ಯಾಂಬ್ಟನ್‌ನ ದೊಡ್ಡ ಥಿಯೋಡೊಲೈಟ್ (ಕೋನ ಅಳೆಯುವ ಉಪಕರಣ) ಅರ್ಧ ಟನ್ ತೂಕದ್ದು. ಒಬ್ಬ ಅಧಿಕಾರಿ ಅದನ್ನು ಕುದುರೆಗೆ ಕಟ್ಟಿ ತಡಿಯಂಡಮೋಳ್ ಬೆಟ್ಟ ಏರಿದ ಎನ್ನುವಂತಿಲ್ಲ. ಹೊರಲು ಆಳುಗಳ ತಂಡವೇ ಬೇಕು, ಕಾಡು ಕಡಿದು ದಾರಿ ಮಾಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜಿನಲ್ಲಿ ಎದುರು ಬೆಟ್ಟದ ಬಾವುಟವೇ ಕಾಣದು. ಅಳತೆಯ 100 ಅಡಿ ಉಕ್ಕಿನ ಸರಪಳಿ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 3.5 ಮಿಲಿಮೀಟರ್ ಹಿಗ್ಗುತ್ತದೆ. ಏಳೂವರೆ ಮೈಲಿಯ ತಳರೇಖೆಯಲ್ಲಿ ಇದು ನಾಲ್ಕೂವರೆ ಅಡಿಯ ತಪ್ಪು. ಗಡಿ ಕದಿಯಲು ಇದು ಏನೇನೂ ಸಾಲದು. ಆದರೆ ಉಷ್ಣಮಾಪಕದ ಅಂಕಿ ತಿದ್ದಿದವನನ್ನು ಲೆಕ್ಕದ ಪುಸ್ತಕದಲ್ಲಿ ಹಿಡಿಯಲು ಧಾರಾಳ ಸಾಕು.

ಕಟ್ಟಡಗಳ ಬಗ್ಗೆ ಒಂದು ಮಾತು. ಕೋಟೆಯೊಳಗೆ ಇಂದು ಕಾಣುವ ಅರಮನೆಯನ್ನು ಇಟ್ಟಿಗೆ ಗಾರೆಯಲ್ಲಿ ಕಟ್ಟಿಸಿದವನು ಲಿಂಗರಾಜ, 1812ರಿಂದ 1814ರೊಳಗೆ. ದೊಡ್ಡ ವೀರರಾಜೇಂದ್ರನ ಸಾವನ್ನು ಅದರ ಹಜಾರದಲ್ಲಿ ಇಡಲಾಗದು. ಅವನದೇ ಕಾಲದ ಅರಮನೆ ಬೇಕಾದರೆ 1792ರ ನಾಲ್ಕುನಾಡು ಅರಮನೆ ಇದೆ. ಕೊನೆಯದಾಗಿ, ದ್ರೋಹಿಗೋ ಕೊಲೆಗಾರನಿಗೋ ಇಂದೂ ಬಾಳುತ್ತಿರುವ ಒಕ್ಕದ (ಕೊಡವ ಕುಲದ) ಮನೆಹೆಸರು ಇಡಬೇಡಿ. ಇಲ್ಲಿ ಮನೆಹೆಸರೆಂದರೆ ಐನ್‌ಮನೆ (ಕುಲದ ಮೂಲಮನೆ), ಗುರುಕಾರಣ (ಪೂಜೆಗೊಳ್ಳುವ ಮೂಲಪುರುಷ), ಬದುಕಿರುವ ನೂರಾರು ಜನ. ಹೆಸರು ಕಟ್ಟಿ, ಅದು ನಿಜವಾಗಿ ಎಲ್ಲೂ ಇಲ್ಲವೆಂದು ಊರ ಹಿರಿಯರಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ.

ತಮ್ಮಲ್ಲಿ ನಮ್ಮ ಕೋರಿಕೆ ಚಿಕ್ಕದು. ಪುರವಣಿಗೆ ಇಂಥ ಕತೆ ಬಂದಾಗ ಹಸ್ತಪ್ರತಿಯ ಜೊತೆ ಒಂದು ಪುಟದ ಕಾಲಸೂಚಿಯನ್ನೂ ಕೇಳಿ: ಯಾವ ಘಟನೆ ಯಾವ ತಿಂಗಳು, ಆಗ ಮಳೆಯೋ ಬಿಸಿಲೋ, ಪತ್ತೆಗೆ ಬಳಸಿದ ಪ್ರತಿ ಉಪಕರಣ ಯಾವ ವರ್ಷದ್ದು. ಅದನ್ನು ತುಂಬಿಕೊಡಲು ಬರಹಗಾರರಿಗೆ ಒಂದು ವಾರ ಹೆಚ್ಚು ಸಮಯ ಕೊಟ್ಟರೂ ಸರಿ.

ಇತಿ,
ಕೆಲವು ಓದುಗರು, ಮಡಿಕೇರಿ