ತಮ್ಮನ ಕೋರ್ಸಿನ ವಿಷಯ, ಸ್ಕಾಟ್‌ಲೆಂಡಿನ ಅಬರ್ಡೀನ್‌ನಿಂದ

ಅಪ್ಪಾ, ಅಮ್ಮಾ,

ನಮಸ್ಕಾರ. ನಾನಿಲ್ಲಿ ಆರಾಮಾಗಿದೀನಿ, ಊಟ ತಿಂಡಿಗೇನೂ ತೊಂದ್ರೆ ಇಲ್ಲ. ತಮ್ಮ ಪೆಟ್ರೋಲಿಯಂ ಇಂಜಿನಿಯರಿಂಗೇ ಸೇರ್ತೀನಿ ಅಂತ ಹಠ ಹಿಡಿದಿದಾನೆ, ಆದ್ರೆ ಪೆಟ್ರೋಲೇ ಮುಗಿದೋಗುತ್ತೆ ಅಂತಾರಲ್ಲ, ನಿಜಾನಾ ಅಂತ ನೀವು ಫೋನಲ್ಲಿ ಕೇಳಿದ್ರಿ, ಅದನ್ನ ಎರಡು ಮಾತಲ್ಲಿ ಹೇಳೋಕಾಗಲ್ಲ ಅಪ್ಪಾ, ಅದಕ್ಕೇ ಕೂತು ಬರೀತಿದೀನಿ.

ಎಣ್ಣೆ ಒಂದಿನ ಪಟ್ ಅಂತ ನಿಲ್ಲಲ್ಲ. ನಮ್ ಕಡೆ ಬೋರ್‌ವೆಲ್ ಥರಾನೇ, ಮೊದಲು ಮೇಲೇ ಸಿಗ್ತಿದ್ದಿದ್ದು ಆಮೇಲೆ ಆಳಕ್ಕೆ ಹೋಗುತ್ತೆ, ಕೊರೆಯೋ ಖರ್ಚು ಏರುತ್ತೆ, ಬರೋದು ಮಾತ್ರ ಕಮ್ಮಿ ಆಗ್ತಾ ಹೋಗುತ್ತೆ. ಇಲ್ಲಿ 1970ರಲ್ಲಿ ದಡದಿಂದ ಸುಮಾರು 180 ಕಿಲೋಮೀಟರ್ ದೂರ ಸಮುದ್ರದಲ್ಲಿ ಫೋರ್ಟೀಸ್ ಅನ್ನೋ ದೊಡ್ಡ ನಿಕ್ಷೇಪ ಸಿಕ್ತು, 1975ಕ್ಕೆ ಎಣ್ಣೆ ಬರೋಕೆ ಶುರುವಾಯ್ತು, ಮೀನು ಹಿಡೀತಿದ್ದ ಊರು ಎಣ್ಣೆ ಊರಾಯ್ತು. 1999ರಲ್ಲಿ ಬ್ರಿಟನ್ ದಿನಕ್ಕೆ ಸುಮಾರು 29 ಲಕ್ಷ ಬ್ಯಾರಲ್ ತೆಗೀತಿತ್ತು, ಈಗ ಅದರ ಕಾಲುಭಾಗಾನೂ ಇಲ್ಲ. ಹಳೇ ಬಾವಿಗಳಲ್ಲಿ ಎಣ್ಣೆಗಿಂತ ನೀರೇ ಜಾಸ್ತಿ ಬರುತ್ತೆ. ಟಿವಿಲಿ ಕಚ್ಚಾ ತೈಲದ ರೇಟು ಹೇಳುವಾಗ ಬ್ರೆಂಟ್ ಅಂತಾರಲ್ಲ, ಆ ಬ್ರೆಂಟ್ ನಿಕ್ಷೇಪದಲ್ಲೇ 2021ರಿಂದ ಒಂದು ತೊಟ್ಟು ಎಣ್ಣೆ ತೆಗೀತಿಲ್ಲ.

ನನ್ನ ಕೆಲಸ ಈಗ ಇಂಥ ಹಳೇ ಎಣ್ಣೆ ಬಾವಿ ಮುಚ್ಚೋದು. ಸಾವಿರಾರು ಅಡಿ ಕೆಳಗೆ ಪೈಪಿನೊಳಗೆ ಸಿಮೆಂಟ್ ಇಳಿಸ್ತೀವಿ, ಅದು ಗಟ್ಟಿಯಾದ ಮೇಲೆ ಪ್ರೆಷರ್ ಕೊಟ್ಟು ಕಾಯ್ತೀವಿ, ಪ್ರೆಷರ್ ತೋರಿಸೋ ಗೇಜಿನ ಮುಳ್ಳು ಅಲ್ಲಾಡದೆ ನಿಂತ್ರೆ ಎಲ್ಲೂ ಸೋರ್ತಿಲ್ಲ ಅಂತ, ಇಳೀತು ಅಂದ್ರೆ ಮತ್ತೆ ಮೊದಲಿಂದ. ಜೊತೆಗಿರೋ ಹಿರಿಯರೊಬ್ಬರು ವಯಸ್ಸಿದ್ದಾಗ ತಾವೇ ಕೊರೆದಿದ್ದ ಬಾವಿನ ಈಗ ತಾವೇ ಮುಚ್ತಿದಾರೆ, ಅವರ ಪಕ್ಕ ನಿಂತು ಆ ಮುಳ್ಳು ನೋಡುವಾಗ ನನಗೆ ಮಾತೇ ಬರಲ್ಲ.

ಆದ್ರೆ ಇಂಥ ವರ್ಷಕ್ಕೆ ಎಣ್ಣೆ ಮುಗಿಯುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಅಮೆರಿಕದ ಹಬರ್ಟ್ ಅನ್ನೋ ಭೂವಿಜ್ಞಾನಿ 1956ರಲ್ಲೇ, ಅವರ ದೇಶದ ಎಣ್ಣೆ 1970ರ ಹೊತ್ತಿಗೆ ತುದಿ ಮುಟ್ಟಿ ಇಳಿಯುತ್ತೆ ಅಂದಿದ್ರು, ಹಾಗೇ ಆಯ್ತು, ಆಮೇಲೆ ಶೇಲ್ ಬಂಡೆ ಒಡೆದು ತೆಗೆಯೋ ವಿದ್ಯೆ ಬಂದು 2018ರಲ್ಲಿ ಆ ದಾಖಲೆನೂ ಮುರೀತು.

ಬೇರೆ ದಾರಿ ಹುಡುಕೋದೂ ಜೋರಾಗೇ ನಡೀತಿದೆ. ಇಲ್ಲೇ ಪೀಟರ್‌ಹೆಡ್ ಹತ್ರ 2017ರಿಂದ ಐದು ಗಾಳಿಯಂತ್ರ ಸಮುದ್ರದ ಮೇಲೆ ತೇಲ್ತಾ ಕರೆಂಟ್ ಮಾಡ್ತಿವೆ, ಒಟ್ಟು 30 ಮೆಗಾವ್ಯಾಟ್. ಕಂಬನ ತಳಕ್ಕೆ ಊರಿಲ್ಲ, ಕೆಳಗೆ ಭಾರ ತುಂಬಿದ ಉದ್ದನೆ ಉಕ್ಕಿನ ಕೊಳವೆ, ಅದನ್ನ ಸರಪಳಿ ಹಾಕಿ ಲಂಗರಿಗೆ ಕಟ್ಟಿದಾರೆ, ಈ ವಿದ್ಯೆ ಎಣ್ಣೆ ಕೆಲಸದವರು ಆಳ ಸಮುದ್ರದಲ್ಲಿ ಕಲಿತಿದ್ದೇ. ನಮ್ ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವ್ಯಾಟ್ ಅಂದ್ರೆ ಇಲ್ಲಿಯವರು ಕಣ್ಣರಳಿಸ್ತಾರೆ, ನನಗೆ ಹೆಮ್ಮೆ ಆಗುತ್ತೆ. ಆದ್ರೂ ಲಾರಿ, ಹಡಗು, ವಿಮಾನ ಎಲ್ಲಾ ಇವತ್ತಿಗೂ ಹೆಚ್ಚಾಗಿ ಎಣ್ಣೆ ಮೇಲೇ ಓಡ್ತಿರೋದು, ನಮ್ ದೇಶ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರಗಿಂದಾನೇ ತರಿಸುತ್ತೆ, ಹಾಗಾಗಿ ಬದಲಾವಣೆಗೆ ಟೈಮ್ ಹಿಡಿಯುತ್ತೆ.

ನನಗೆ ಹೊಟ್ಟೆ ಉರಿಯೋದು ಕೆಲಸದವರ ವಿಷಯಕ್ಕೆ. ಸ್ಕಾಟ್‌ಲೆಂಡಿನ ಒಂದೇ ರಿಫೈನರಿ, ಗ್ರೇಂಜ್‌ಮೌತ್‌ದು, 2025ರಲ್ಲಿ ಕಚ್ಚಾ ತೈಲ ಸಂಸ್ಕರಿಸೋದು ನಿಲ್ಲಿಸಿತು, ನೂರಾರು ಜನರ ಕೆಲಸ ಹೋಗೋ ಹಾಗಾಯ್ತು, ಅಷ್ಟು ಜನಕ್ಕಾಗೋ ಹೊಸ ಕೆಲಸ ಅಷ್ಟೊತ್ತಿಗೆ ಅಲ್ಲಿ ತಯಾರಿರಲಿಲ್ಲ. ಪಾವಗಡದಲ್ಲೂ ಜಮೀನಿದ್ದೋರಿಗೆ ವರ್ಷ ವರ್ಷ ಗುತ್ತಿಗೆ ದುಡ್ಡು ಬರುತ್ತೆ, ಅದೇ ಹೊಲದಲ್ಲಿ ಕೂಲಿ ಮಾಡ್ತಿದ್ದೋರಿಗೆ ಏನು ಬಂತು? ನಾರ್ವೆಯವರು ಎಣ್ಣೆ ದುಡ್ಡನ್ನ ಮುಂದಿನ ತಲೆಮಾರಿಗೆ ಅಂತ ದೊಡ್ಡ ನಿಧಿಯಾಗಿ ಕೂಡಿಟ್ರು, ಬ್ರಿಟನ್ ಹಾಗೆ ಇಡಲಿಲ್ಲ, ಅದು ದೊಡ್ಡ ತಪ್ಪು ಅಂತಾನೇ ನನ್ನ ಅಭಿಪ್ರಾಯ.

ಅದಕ್ಕೇ ತಮ್ಮಂಗೆ ಹೇಳಿ, ಬರೀ ಎಣ್ಣೆಗೇ ಕಟ್ಟಿಹಾಕೋ ಡಿಗ್ರಿ ಬೇಡ, ಮೆಕ್ಯಾನಿಕಲ್ ಇಲ್ಲಾ ಎಲೆಕ್ಟ್ರಿಕಲ್ ತಗೊಳ್ಳಲಿ, ರಿಫೈನರಿಗೂ ಆಗುತ್ತೆ ಗಾಳಿಯಂತ್ರಕ್ಕೂ ಆಗುತ್ತೆ. ಬೈಬೇಡಿ, ಭಾನುವಾರ ನಾನೇ ಅವನ ಜೊತೆ ಮಾತಾಡ್ತೀನಿ, ಅಲ್ಲೀವರೆಗೂ ಎಲ್ಲೂ ಫೀಸ್ ಕಟ್ಟಬೇಡಿ. ಅಮ್ಮಾ, ಮಂಡಿ ನೋವಿನ ಮಾತ್ರೆ ಬಿಡಬೇಡ.

ಇತಿ ನಿಮ್ಮ ಮಗ